ಲೆಕ್ಕಕ್ಕುಂಟು

ದಿನಾ ಸಂಜೆ ಆರಕ್ಕೆ ನಾನು
ಬಲಾಬಲದ ಪಟ್ಟಿ ಬರೆಯಬೇಕು.
ಬವೇರಿಯಾ, ಏಪ್ರಿಲ್, ಪೈನ್ ಮರಗಳ ಮರೆ,
ಗುಂಡಿನ ಪೆಟ್ಟಿಗೆಯೇ ಮೇಜು,
ಪೆನ್ಸಿಲ್ಲು ಹೆಬ್ಬೆರಳಿಗಿಂತ ಗಿಡ್ಡ.

ಇರುವ ವಿಮಾನ ನಲವತ್ತಮೂರು.
ಹಾರಬಲ್ಲವು ಮೂವತ್ತೊಂದು.
ಹಾರಿಸಬಲ್ಲವರು ಒಂಬತ್ತು ಮಂದಿ,
ಅವರಲ್ಲೊಬ್ಬನ ಕಣ್ಣಿಗೆ ಪಟ್ಟಿ.
ಎಣ್ಣೆಯ ಕಾಲಂ ಬಂದಾಗ
ಪೆನ್ಸಿಲ್ಲು ಚೀಪುತ್ತ ಕೂರುತ್ತೇನೆ.

ಗೆಲ್ಲುತ್ತಿದ್ದ ಕಾಲದಲ್ಲಿ ನಮ್ಮ ದಳಕ್ಕೆ
ಇಷ್ಟು ವಿಮಾನ ಇರಲೇ ಇಲ್ಲ.
ಈಗ ರೈಲಿನಲ್ಲಿ ಬರುತ್ತಲೇ ಇವೆ, ಬಣ್ಣದ ವಾಸನೆ ಆರದೆ;
ಮರಕ್ಕೊಂದರಂತೆ ನಿಲ್ಲಿಸಿ ಸೊಪ್ಪು ಹೊದೆಸುತ್ತೇವೆ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುತ್ತಾರಲ್ಲ ಚಿಕ್ಕ ಮಕ್ಕಳನ್ನು,
ಇವು ತಿರುಗಾಮುರುಗಾ:
ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಎಗ್‌ಬರ್ಟ್ ಬಂದಾಗ ಅವನ ಕಡತ ತೆರೆದವನು ನಾನೇ.
ಹತ್ತೊಂಬತ್ತು ವರ್ಷ. ಊರು ಹುಸುಮ್, ಸಮುದ್ರದಂಚು.
ಹಾರಿದ್ದು ಒಟ್ಟು ಹದಿನೇಳು ತಾಸು.
ಏರುವ ಪಾಠ ಮುಗಿದಿತ್ತಂತೆ,
ಇಳಿಯುವ ಪಾಠಕ್ಕೆ ಎಣ್ಣೆ ಸಾಲಲಿಲ್ಲವಂತೆ.
ಹೇಳಿ ನಕ್ಕ. ಹಲ್ಲಿನ ಸಂದಿಯಲ್ಲಿ ಬ್ರೆಡ್ಡಿನ ಚೂರು.
ಮಂಗಳವಾರ ಏರಿದ. ಚೆನ್ನಾಗಿಯೇ ಏರಿದ.

"ಹಿಂದಿರುಗಿಲ್ಲ" ಎಂದು ಬರೆಯಲು ಈಗ
ನನ್ನ ಕೈಗೆ ನನ್ನ ಅಗತ್ಯವಿಲ್ಲ.
ಹೋದ ವಿಮಾನಕ್ಕೆ ಬದಲು ಮರುದಿನವೇ ಎರಡು ಬಂದವು.
ಹುಡುಗನಿಗೆ ಬದಲು ಯಾರೂ ಬರಲಿಲ್ಲ.

ಎಂಜಿನ್ನು ಹೊತ್ತಿಸಿ ರಸ್ತೆಯವರೆಗೆ ಓಡಿಸಿದರೆ
ಅಷ್ಟೂ ಎಣ್ಣೆ ದಂಡ. ಅದಕ್ಕೇ
ಮುದುಕ ಕೊರ್ಬೀನಿಯನ್ ಹಸು ಹೂಡಿಕೊಂಡು ಬರುತ್ತಾನೆ.
ಲೋಕದಲ್ಲೇ ಎಲ್ಲಕ್ಕಿಂತ ವೇಗದ ಯಂತ್ರ
ಎರಡು ಬಾಲಗಳ ಹಿಂದೆ,
ಅವು ನಿಂತಲ್ಲಿ ನಿಂತು, ಸಗಣಿ ಹಾಕುವವರೆಗೆ ಕಾದು,
ಹೊರಡುತ್ತದೆ.
ಒಂದು ಎಳೆತಕ್ಕೆ ಅರ್ಧ ಕಟ್ಟು ಹುಲ್ಲು, ಚೀಟಿಗೆ ನನ್ನ ಸಹಿ.
ಹುಲ್ಲೂ ಇಲ್ಲ, ಅವನಿಗೂ ಗೊತ್ತು. ಚೀಟಿ ಮಡಿಸಿ
ಟೋಪಿಯೊಳಗೆ ಇಟ್ಟುಕೊಳ್ಳುತ್ತಾನೆ.

ಮೊನ್ನೆ ರಾತ್ರಿ ಮೆಕ್ಯಾನಿಕ್ ಫೋಲ್ಕರ್ ಕರೆದ,
ಟಾರ್ಚಿಗೆ ಕೈ ಅಡ್ಡ ಹಿಡಿದು.
ಬಲರೆಕ್ಕೆಯ ಮುಚ್ಚಳ ಬಿಚ್ಚಿದ್ದ.
ಒಳಮೈಯಲ್ಲಿ ಮೊಳೆಯಿಂದ ಗೀಚಿದ್ದು:
ಯಾದ್ವಿಗಾ. ೧೬.
ವಯಸ್ಸೋ, ತಾರೀಖೋ, ಅವಳು ಎಣಿಸುತ್ತಿದ್ದ ಇನ್ನೇನೋ.
ಈ ರೆಕ್ಕೆಗಳು ಬೆಟ್ಟದ ಸುರಂಗದಿಂದ ಬರುತ್ತವೆ,
ಅಲ್ಲಿ ಪಟ್ಟೆ ಅಂಗಿಯವರು ನಿಂತಲ್ಲೇ ಸಾಯುತ್ತಾರೆ
ಎಂದು ಲಾರಿಯವನೊಬ್ಬ ಹೇಳಿದ್ದ. ನಾವು ಮಾತು ಬದಲಿಸಿದ್ದೆವು.
ಫೋಲ್ಕರ್ ನನ್ನನ್ನು ನೋಡಿದ, ನಾನು ಟಾರ್ಚು ನೋಡಿದೆ.
"ನಮಗೆ ಗೊತ್ತಿರಲಿಲ್ಲ" ಎಂದು ಮುಂದೆ ಹೇಳಬೇಕಾದ ಮಾತನ್ನು
ಇಬ್ಬರೂ ಆಗಲೇ ಬಾಯಿಪಾಠ ಮಾಡತೊಡಗಿದ್ದೆವು.
ಆರು ತಿರುಪು. ಮುಚ್ಚಳ ಕೂತಿತು.
ನಷ್ಟದ ಪುಸ್ತಕ ಪೂರ್ತಿ ತಿರುವಿದೆ,
ಅವಳಿಗೊಂದು ಕಾಲಂ ಇರಲಿಲ್ಲ.
ಗೆರೆ ಎಳೆಯಬಹುದಿತ್ತು. ಎಳೆಯಲಿಲ್ಲ.

ಗೆರ್ಲಿಂಡೆ ಫೋನಿನಲ್ಲಿ ಪಟ್ಟಿ ಓದುತ್ತಾಳೆ.
ನಾಲ್ಕು ದಿನದಿಂದ ಅತ್ತ ಕಡೆ ಉಸಿರಿಲ್ಲ.
ಆದರೂ ನಲವತ್ತನಾಲ್ಕು, ಮೂವತ್ತೆರಡು, ಎಂಟು
ಎಂದು ಬಿಡಿಸಿ ಬಿಡಿಸಿ ಓದಿ
"ಎಂಟು, ಕೇಳಿಸಿತೇ?" ಅನ್ನುತ್ತಾಳೆ.

ಶುಕ್ರವಾರ ಅಪ್ಪಣೆ ಬಂತು, ಸೈಕಲ್ಲಿನ ಮೇಲೆ:
ಶತ್ರುವಿನ ಟ್ಯಾಂಕು ನದಿ ದಾಟುವ ಮೊದಲು
ಎಲ್ಲವನ್ನೂ ಸುಡಿ.
ಸುಡಲು ಎಣ್ಣೆ ಬೇಕಿತ್ತು. ಸಿಕ್ಕಿತು.
ಎಲ್ಲಿತ್ತೋ ಇಷ್ಟು ದಿನ!

ಸಾಲಾಗಿ ಹೊತ್ತಿದವು, ಹೊದೆಸಿದ ಸೊಪ್ಪಿನ ಸಮೇತ.
ಯಾದ್ವಿಗಾಳ ರೆಕ್ಕೆ ಯಾವುದೆಂದು ಹುಡುಕಿದೆ,
ಹೊಗೆಯಲ್ಲಿ ಎಡಬಲ ತಿಳಿಯಲಿಲ್ಲ.
ಇರುವ ವಿಮಾನ ಸೊನ್ನೆ.
ಕಾರಣ: ನಾವೇ.

ಬೆಳಗ್ಗೆ ಕೊರ್ಬೀನಿಯನ್ ಬಂದು
ಬೂದಿಯೆದುರು ಟೋಪಿ ತೆಗೆದ.
ಗೌರವಕ್ಕೆ ಅಂದುಕೊಂಡೆ. ಚೀಟಿ ಎಣಿಸಿದ,
ಇಪ್ಪತ್ತಾರು. ಹದಿಮೂರು ಕಟ್ಟು ಹುಲ್ಲು.
ಸುಡಬೇಕಿದ್ದ ಪುಸ್ತಕದ ಕೊನೆಯ ಹಾಳೆಯಲ್ಲಿ
ಉಗುರಷ್ಟು ಉಳಿದ ಪೆನ್ಸಿಲ್ಲಿನಿಂದ ಬರೆದುಕೊಟ್ಟೆ:
ಬಾಕಿ.