ಹಗ್ಗದ ತುದಿ

ಸೇಲಂನ ಸ್ಟುಡಿಯೋದಲ್ಲಿ, ತಗಡಿನ ಸೂರಿನಡಿ
ಪೂವಾಯಿ ಮೂರು ದಿನ ತೂಗಿದಳು.
ಸೊಂಟಕ್ಕೆ ತಂತಿ, ಬೆನ್ನಿಗೆ ರಟ್ಟಿನ ರೆಕ್ಕೆ,
ಕೆಳಗೆ ಹತ್ತಿಯ ಮೋಡ.

ರಾಜಕುಮಾರ ಕೈಚಾಚಿ ಹಾಡಿದ.
ಅವನ ಉಸಿರಲ್ಲಿ ಬೆಳ್ಳುಳ್ಳಿ.

ಹಗ್ಗ ಹಿಡಿದವನು ಒಡೆಯಪ್ಪನ್, ಸೆಟ್ಟಿನ ಬಡಗಿ.
ಚೌಕಟ್ಟಿನಾಚೆ ಅವನ ಅಂಗೈ ಸುಲಿದಿತ್ತು.
‘ಇಳಿಸಲಾ?’ ಅಂದ ಒಮ್ಮೆ.
‘ಇನ್ನೂ ಸ್ವಲ್ಪ ಹೊತ್ತು’ ಅಂದಳು.

ಆ ರೀಲುಗಳನ್ನು ಯಾರೋ ತೂಕಕ್ಕೆ ಕೊಂಡು
ಕಾಯಿಸಿ ಬಳೆ ಮಾಡಿದರಂತೆ.
ಅವಳ ಮುಖ ಯಾವ ಊರಲ್ಲಿ,
ಯಾರ ಮುಂಗೈಯಲ್ಲಿ ಒಡೆಯಿತೋ.

ಎಂಬತ್ತರ ಪೂವಾಯಿ
ಬಸ್ಸಿನ ಕೊನೆಯ ಮೆಟ್ಟಿಲಲ್ಲಿ
ಈಗಲೂ ತುಸು ನಿಲ್ಲುತ್ತಾಳೆ,
ಕಂಡಕ್ಟರ್ ಗದರಿದರೂ,
ಹಿಂದಿನಿಂದ ಯಾರೋ ಹಗ್ಗವನ್ನು
ಒಂದೊಂದೇ ಮೊಳ
ಸಡಿಲಿಸಲಿ ಎಂದು.