ಹಲಗೆ ಹಾಕದ ರಾತ್ರಿ

ಭೂಮಿ ಹುಣ್ಣಿಮೆಯ ಭರತ ಎಷ್ಟು ಹೊತ್ತಿಗೆಂದು
ಪಂಚಾಂಗದಲ್ಲಿ ಬರೆದಿತ್ತು, ಮಾಸ್ತರೇ.
ನಡುರಾತ್ರಿ. ಅದರಲ್ಲಿ ತಪ್ಪಿಲ್ಲ.
ಅಘನಾಶಿನಿ ಯಾರನ್ನೂ ಕೇಳಿ ಉಬ್ಬುವುದಿಲ್ಲ.

ಗಜನಿಯ ಬಾಗಿಲಿಗೆ ಐದು ಹಲಗೆ.
ಇಳಿತಕ್ಕೆ ಎತ್ತಬೇಕು, ಭರತಕ್ಕೆ ಮೊದಲು ಇಳಿಸಬೇಕು,
ಸಂದಿಗೆ ಜೇಡಿ ಮೆತ್ತಬೇಕು.
ವರ್ಷಕ್ಕೆ ಎರಡು ಚೀಲ ಕಗ್ಗದಕ್ಕಿ ಕೊಟ್ಟು
ಊರು ಆ ಕೆಲಸ ನನಗೆ ಹಚ್ಚಿತ್ತು.

ಆ ರಾತ್ರಿ ನಾನು ಮಿರ್ಜಾನಿನಲ್ಲಿ,
ಭಾವನ ಜಗಲಿಯಲ್ಲಿ, ಇಸ್ಪೀಟಿಗೆ ಕೂತಿದ್ದೆ.
ಕೈಯಲ್ಲಿ ಮೂರು ರಾಣಿ.
ಏಳಬೇಕು ಅಂದುಕೊಂಡೆ. ನೆನಪಿದೆ,
ಒಂದು ಮೊಣಕಾಲು ಎತ್ತಿಯೂ ಇದ್ದೆ.
ಇದೊಂದು ಆಟ, ಅಂದೆ.

ಬೆಳಿಗ್ಗೆ ಬೀರಮ್ಮನ ಗದ್ದೆಯಲ್ಲಿ ಏಡಿ ಓಡಾಡುತ್ತಿದ್ದವು.
ಕಗ್ಗ ಉಪ್ಪು ತಡೆಯುತ್ತದೆ, ನಿಜ.
ಅವಳು ಬಿತ್ತಿದ್ದು ಕಗ್ಗವಲ್ಲ,
ಬಾಗಿಲನ್ನು ನಂಬಿ
ಸೊಸೈಟಿಯಿಂದ ತಂದ ಹೊಸ ಬೀಜ.

ಬೈಯಲಿಲ್ಲ. ಹಣೆ ಮುಟ್ಟಿಕೊಂಡು
"ಬರೆದದ್ದು, ಜಟ್ಟಿ" ಅಂದಳು.
ಬೈದಿದ್ದರೆ ಅಂದು ಊಟ ಸೇರುತ್ತಿತ್ತು.

ನೀರು ಬರುವುದು ಬರೆದಿತ್ತು, ಮಾಸ್ತರೇ.
ನನ್ನ ಮೊಣಕಾಲು ಮತ್ತೆ ಮಡಚಿದ್ದು
ಯಾವ ಪುಟದಲ್ಲಿತ್ತು?
ಅದೂ ಬರೆದಿದ್ದರೆ ತಪ್ಪು ನಿನ್ನದಲ್ಲ, ಅಂತೀರಿ.
ಅಷ್ಟು ಅಗ್ಗಕ್ಕೆ ಕೊಡಲಾರೆ ಅದನ್ನು.
ನನ್ನದೇ ಇರಲಿ.
ಅದು ಕೈಬಿಟ್ಟರೆ, ಅದರ ಹಿಂದೆಯೇ
ಸರಿಯಾಗಿ ಹಲಗೆ ಹಾಕಿದ ಸಾವಿರ ರಾತ್ರಿಗಳೂ
ಯಾರದೋ ಕೈಬರಹವಾಗಿ ಹೊರಟುಹೋಗುತ್ತವೆ.

ಇವತ್ತು ಅಮಾಸೆ.
ಕಾಂಡ್ಲದ ಬೇರಿಗೆ ಆಗಲೇ ನೀರು ತಾಗಿತು.
ಮಾತು ಆಮೇಲೆ,
ಆ ಜೇಡಿಯ ಬುಟ್ಟಿ ಇತ್ತ ಕೊಡಿ.