ಏಳು ಅಂದರೆ

ಮತ್ತಿಕೆರೆಯ ನಮ್ಮ ಶಾಲೆಗೆ ಮೈದಾನವಿಲ್ಲ.
ನೀರಿನ ಟ್ಯಾಂಕಿಗೂ ಬಿಸಿಯೂಟದ ಕೋಣೆಗೂ ನಡುವೆ
ಹದಿನಾರು ಮಕ್ಕಳು ಕೈ ಚಾಚಿದರೆ ಮುಗಿಯುವಷ್ಟು ಸಿಮೆಂಟು.
ಅದರ ಮೇಲೆ ತೆಂಗಿನ ನಾರು, ಹಳೇ ಹಾಸಿಗೆಯ ಹೊಟ್ಟೆಯಿಂದ ಕಿತ್ತದ್ದು,
ನಾರಿನ ಮೇಲೆ ಫ್ಲೆಕ್ಸು,
ಯಾರೋ ಅಣ್ಣನ ಹುಟ್ಟುಹಬ್ಬದ್ದು.
ಮೂರನೇ ಕ್ಲಾಸು ದಿನವೂ ಅವನ ಮೀಸೆಯ ಮೇಲೆ ಪಲ್ಟಿ ಹೊಡೆಯುತ್ತದೆ.

ಗದ್ದ ಎದೆಗೆ ಒತ್ತು, ಹೊನ್ನಮ್ಮ.
ಕತ್ತಿನ ಮೇಲಲ್ಲ, ಹೆಗಲ ಮೇಲೆ ಉರುಳಬೇಕು.
ಹೊಟ್ಟೆಯೊಳಗೆ ಬೆಕ್ಕಿನ ಮರಿ ಮಲಗಿದೆ ಅಂದ್ಕೋ,
ಅದಕ್ಕೆ ಎಚ್ಚರ ಆಗಬಾರದು.
ನನ್ನ ಒಂದು ಕೈ ಅವಳ ಹಿಂದಲೆಗೆ, ಇನ್ನೊಂದು ತೊಡೆಯ ಹಿಂದೆ.
ಆಮೇಲೆ ಒಂದೇ ಕೈ. ಆಮೇಲೆ ಎರಡು ಬೆರಳು.
ಆಮೇಲೆ, ಕೈ ಇದ್ದಂತೆ ನಟಿಸುವ ಗಾಳಿ.

ಒಬ್ಬೊಬ್ಬರಿಗೆ ಕಲಿಸುವುದು ಸುಲಭ.
ಹದಿನಾರು ಜನ ಒಂದು ಮೈಯಾಗಬೇಕಲ್ಲ!
ಎಸ್ತರ್‌ಗೆ ಅವಸರ, ಕೆಂಪರಾಜನಿಗೆ ಪ್ರತಿ ಹೆಜ್ಜೆಗೂ ಅಪ್ಪಣೆ ಬೇಕು,
ಗುಲ್ನಾಜ್ ತಾನು ಮಾಡುವುದು ಬಿಟ್ಟು ಉಳಿದವರ ಮಂಡಿ ತಿದ್ದುತ್ತಾಳೆ,
ಆ ಕೆಲಸಕ್ಕೆ ಸರ್ಕಾರ ಸಂಬಳ ಕೊಡುವುದು ನನಗೆ.

ಹಾಗಾಗಿ ಎಣಿಕೆ.
ಕನ್ನಡದ ಎಣಿಕೆಯಲ್ಲೇ ಕವಾಯತು ಅಡಗಿದೆ,
ಇಪ್ಪತ್ತು ವರ್ಷ ಸೀಟಿ ಊದಿದ ಮೇಲೆ ನನಗೆ ಹೊಳೆದದ್ದು.
ಒಂದರಿಂದ ಐದು: ಉರುಳು, ಚಾಚು, ಮಲಗು.
ಆರು: ಆರಬೇಡಿ, ಉಸಿರು ಹಿಡಿಯಿರಿ.
ಏಳು ಅಂದರೆ ಏಳು.
ಹತ್ತು ಅಂದರೆ ಹತ್ತು, ಗೆಳೆಯನ ಸೊಂಟದ ಮೂಳೆಯ ಮೇಲೆ ಪಾದ,
ಬೆನ್ನಿನ ನಡುವೆ ಅಲ್ಲ, ಯಾವತ್ತೂ ಅಲ್ಲ.
ಎರಡೇ ಅಂತಸ್ತು, ಅಂದಿದ್ದಾರೆ ಹೆಡ್‌ಮಿಸ್ಸು.
ಮೂರಕ್ಕೆ ಪ್ಲಾನ್ ಪಾಸಾಗಲ್ಲ.

ಸೆಂಥಿಲ್‌ಗೆ ಮನೆಯಲ್ಲೂ ಏಳು ಏಳೇ.
ಲೋಕೇಂದ್ರನಿಗೆ ಮಾತ್ರ ಅಲ್ಲ.
ನೇಪಾಳದ ಯಾವುದೋ ಗುಡ್ಡದಿಂದ ಇಳಿದು
ಅಪಾರ್ಟ್‌ಮೆಂಟಿನ ಮೆಟ್ಟಿಲಡಿಯ ಕೋಣೆಗೆ ಬಂದ ವಾಚ್‌ಮನ್‌ನ ಮಗ
ನನ್ನ ಏಳನ್ನು ಒಳಗೆ ಕರೆದುಕೊಂಡು ಹೋಗಿ,
ಸಾತ್ ಮಾಡಿ, ಹೊರಗೆ ತಂದು,
ತಾನು ಏಳುವ ಹೊತ್ತಿಗೆ ಉಳಿದ ಹದಿನೈದು ಮಂದಿ ನಿಂತಿರುತ್ತಿದ್ದರು.
ಅರ್ಧ ಎಣಿಕೆ ತಡ.
ಪಾಪ, ಸಾತ್‌ನಲ್ಲಿ ಎದ್ದು ನಿಲ್ಲುವಂಥದ್ದು ಏನೂ ಇಲ್ಲ.
ಬೈದೆ. ಪಕ್ಕ ಕೂತು ನೆಲ ತಟ್ಟಿ ಹೇಳಿಕೊಟ್ಟೆ.
ಒಂದು ದಿನ ಸೀಟಿ ಎಸೆದೆ.
ಅವನೇ ಹೆಕ್ಕಿ, ಅಂಗಿಗೆ ಒರೆಸಿ, ತಂದುಕೊಟ್ಟ.

ಆ ರಾತ್ರಿ ಪಾತ್ರೆ ತೊಳೆಯುತ್ತಾ ಲೆಕ್ಕ ಬದಲಿಸಿದೆ.
ಎಲ್ಲರೂ ಒಟ್ಟಿಗೆ ಏಳುವುದು ಬೇಡ, ಅಲೆ.
ಕೈ ಕೈ ಹಿಡಿದು ಸಾಲಾಗಿ ಮಲಗಿ.
ಏಳಕ್ಕೆ ಗುಲ್ನಾಜ್ ಒಬ್ಬಳೇ.
ಪಕ್ಕದವರ ಕೈ ಜಗ್ಗಿದಾಗ ನೀವು.
ಕೊನೆಯಲ್ಲಿ ಲೋಕೇಂದ್ರ, ಹದಿನಾರನೆಯವನು,
ಎಷ್ಟು ಬೇಕೋ ಅಷ್ಟು ಹೊತ್ತು ತಗೊಳ್ಳಲಿ.
ಎಂಥ ಚೆಂದ ಬಂತು ಅಂತೀರಿ!
ಯಶವಂತಪುರದಲ್ಲಿ ನಿಂತ ಗೂಡ್ಸು ಗಾಡಿ
ಡಬ್ಬಿಯಿಂದ ಡಬ್ಬಿಗೆ ಎಳೆತ ದಾಟಿಸುತ್ತಾ ಹೊರಟ ಹಾಗೆ.

ಬಿ.ಇ.ಓ. ಬಂದ ದಿನ.
ಐದು. ಆರು.
ಏಳು, ಅಂದೆ.
ಈ ತುದಿಯಲ್ಲಿ ಗುಲ್ನಾಜ್ ಎದ್ದಳು.
ಆ ತುದಿಯಲ್ಲಿ, ಅದೇ ಕ್ಷಣ, ಕೂದಲೆಳೆಯಷ್ಟೂ ತಡವಿಲ್ಲದೆ
ಲೋಕೇಂದ್ರ.

ಎರಡು ಕಡೆಯಿಂದ ಅಲೆ ಹೊರಟಿತು.
ಹೆಡ್‌ಮಿಸ್ಸು ನನ್ನತ್ತ ನೋಡಿದರು. ಸಾಹೇಬರಿಗೆ ಫೋನ್ ಬಂದಿತ್ತು.
ಸೀಟಿ ಬಾಯಲ್ಲಿಟ್ಟುಕೊಂಡೇ ನಕ್ಕೆನೇನೋ,
ಅದು ಸಣ್ಣಗೆ ಕುಂಯ್ ಅಂತಿತ್ತು.
ನಡುವೆ ಕೆಂಪರಾಜ,
ಎಡಗೈ ಒಬ್ಬರು ಬಲಗೈ ಒಬ್ಬರು ಜಗ್ಗಿ,
ಅರ್ಧ ಎದ್ದು ಅರ್ಧ ಕೂತು,
ಮಿಸ್, ನಾನು ಏಳ್ಲಾ?

ನಾನಿನ್ನೂ ಎಂಟು ಅಂದಿರಲಿಲ್ಲ.